ಮಳೆಗಾಲದ ಟ್ರಿಪ್ಪಿಗೆ ಎಷ್ಟು "ಪಾಯಿಂಟು"?

ಜೂನ್ ಮುಗಿದು ಜುಲೈ ಬಂತು ಅಂದ್ರೆ ಸಾಕು, ಕಾಲೇಜು ಹುಡುಗರ ಗ್ರೂಪುಗಳಲ್ಲಿ ಶಿರಸಿ ಹೆಸರು ಓಡಾಡೋಕೆ ಶುರುವಾಗುತ್ತೆ. ಶನಿವಾರ ರಾತ್ರಿ ಬೆಂಗಳೂರು ಬಿಡೋದು, ಭಾನುವಾರ ಪೂರ್ತಿ ಸುತ್ತೋದು, ಸೋಮವಾರ ಬೆಳಗ್ಗೆ ಕ್ಲಾಸಿಗೆ ಬಂದು ಹಿಂದಿನ ಬೆಂಚಿನಲ್ಲಿ ನಿದ್ದೆ ಹೊಡೆಯೋದು. ಒಳ್ಳೇದೇ. ಆ ವಯಸ್ಸಿನಲ್ಲಿ ಮಳೆಯಲ್ಲಿ ನೆನೀದೆ ಇನ್ಯಾವಾಗ ನೆನೆಯೋದು?

ನಾನು ಸಿದ್ದಾಪುರ ಕಡೆಯವನಾದ್ದರಿಂದ ಈ ಪ್ಲಾನುಗಳು ಪ್ರತಿ ವರ್ಷ ನನ್ನ ಹತ್ತಿರ "ರಿವ್ಯೂ"ಗೆ ಬರ್ತವೆ. ತಂಗಿಯ ಕ್ಲಾಸ್‌ಮೇಟು, ಆಫೀಸಿಗೆ ಬಂದ ಇಂಟರ್ನು, ಪಕ್ಕದ ಮನೆ ಆಂಟಿಯ ಮಗ.. ಹೀಗೆ. ಹೆಸರು ಬೇರೆ ಬೇರೆ, ಪ್ಲಾನು ಮಾತ್ರ ಫೋಟೋಕಾಪಿ. ಬೆಳಗ್ಗೆ ಜೋಗ, ಆಮೇಲೆ ಉಂಚಳ್ಳಿ, ಮಧ್ಯಾಹ್ನ ಶಿರಸಿಯಲ್ಲಿ ಊಟ ಮತ್ತು ಮಾರಿಕಾಂಬಾ ದರ್ಶನ, ಹಾಗೇ ಸಹಸ್ರಲಿಂಗ, ಸೋಂದೆ, ಕತ್ತಲಾಗೋದರೊಳಗೆ ಯಲ್ಲಾಪುರದ ಮಾಗೋಡು, ಟೈಮಿದ್ರೆ ಸಾತೊಡ್ಡಿ. ಒಟ್ಟು ಏಳು "ಪಾಯಿಂಟು".

ಎಂಜಿನಿಯರಿಂಗ್ ಓದಿದ ತಪ್ಪಿಗೆ ಲೆಕ್ಕ ಹಾಕದೆ ಇರೋಕೆ ಆಗಲ್ಲ ನೋಡಿ. ಜೋಗದಿಂದ ಸಿದ್ದಾಪುರ 20 ಕಿ.ಮೀ. ಆಸುಪಾಸು, ಅಲ್ಲಿಂದ ಶಿರಸಿ 35ರ ಮೇಲೆ, ಶಿರಸಿಯಿಂದ ಯಲ್ಲಾಪುರ 50ರ ಹತ್ತಿರ. ಜಲಪಾತಗಳೆಲ್ಲ ಮುಖ್ಯರಸ್ತೆಯಿಂದ ಒಳಗೆ ಇರೋದರಿಂದ ಅವುಗಳಿಗೆ ಹೋಗಿ ಬರೋದನ್ನೂ ಸೇರಿಸಿದರೆ ಸುಲಭಕ್ಕೆ 200 ಕಿ.ಮೀ. ಆಗುತ್ತೆ. ಮಳೆ, ಮಂಜು, ತಿರುವು, ರಸ್ತೆ ಮಧ್ಯೆ ನಿಂತ ದನ.. ಗಂಟೆಗೆ 30 ಕಿ.ಮೀ. ಹೋದರೆ ಪುಣ್ಯ. ಏಳು ಗಂಟೆ ಬರೀ ಗಾಡಿಯಲ್ಲಿ. ಹನ್ನೆರಡು ಗಂಟೆಯ ಹಗಲಿನಲ್ಲಿ ಉಳಿದದ್ದು ಐದು. ಊಟ, ತಿಂಡಿ, ಟೀ ಕಳೆದರೆ ಒಂದೊಂದು ಜಾಗಕ್ಕೆ ಅರ್ಧ ಗಂಟೆ! ಅದರಲ್ಲಿ ಜೋಗಕ್ಕೆ ಮಂಜು ಕವಿದಿದ್ದರೆ ಬಿಳಿ ಗೋಡೆ ನೋಡಿಕೊಂಡು ವಾಪಸ್ಸು.

ನಮ್ಮ ಅಡಿಕೆ ತೋಟದ ಪಕ್ಕದ ರಸ್ತೆಯಲ್ಲಿ ಇಂಥ ಗಾಡಿಗಳು ಭರ್ರ್ ಅಂತ ಹೋಗೋದನ್ನ ನೋಡಿ ನಮ್ಮ ದೊಡ್ಡಪ್ಪ ಒಮ್ಮೆ ಹೇಳಿದ್ರು: "ಮಳೆ ನೋಡಲೆ ಬಂದವು ಕಾರಿನ ಗ್ಲಾಸ್ ಏರಿಸ್ಕ್ಯಂಡು ಹೋಗ್ತ. ಎಂತ ನೋಡ್ತ್ವೇನ ಮಾರಾಯ!"

ನನ್ನ ತಕರಾರೂ ಅದೇ. ಮಳೆಯಲ್ಲಿ ಈ ಊರುಗಳಿಗೆ ಬರಬೇಡಿ ಅಂತ ಹೇಳೋ ಪೈಕಿ ನಾನಲ್ಲ. ಬರಲೇಬೇಕು, ಮಳೆಯಲ್ಲೇ ಬರಬೇಕು. ಯಾಕಂದ್ರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಇತಿಹಾಸ ಅಂದ್ರೆ ಅರ್ಧಕ್ಕಿಂತ ಹೆಚ್ಚು ಮಳೆಯದ್ದೇ ಇತಿಹಾಸ. ಆದರೆ ಅದನ್ನ ನೋಡೋಕೆ ಏಳು ಪಾಯಿಂಟು ಬೇಡ. ಒಂದು ದಿನಕ್ಕೆ ಒಂದು ಊರು, ಹೆಚ್ಚಂದ್ರೆ ಎರಡು ಜಾಗ ಸಾಕು.

ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ.

ಬೆಂಗಳೂರಿಗೆ ವರ್ಷಕ್ಕೆ ಸುಮಾರು 1000 ಮಿ.ಮೀ. ಮಳೆ. ಶಿರಸಿ ಪೇಟೆಗೆ ಅದರ ಹತ್ತಿರ ಹತ್ತಿರ ಎರಡೂವರೆ ಪಟ್ಟು, ಅದೂ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಈ ಮಳೆ ಮತ್ತು ಕಾಡು ಸೇರಿ ಕೊಟ್ಟದ್ದು ಕಾಳುಮೆಣಸು. ಘಟ್ಟದ ಮೇಲಿನ ಮೆಣಸು ಎತ್ತಿನ ಮೇಲೆ ಘಟ್ಟ ಇಳಿದು ಕರಾವಳಿಯ ಬಂದರು ಸೇರಿ ಅಲ್ಲಿಂದ ಹಡಗು ಹತ್ತುತ್ತಿತ್ತು. ಜೋಗದ ಕೆಳಗಿನ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನ ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೀತಿದ್ರು. ಅದೇ ಕಾಲಕ್ಕೆ ಘಟ್ಟದ ಮೇಲೆ ಸೋಂದೆಯಲ್ಲಿ ಒಂದು ಅರಸುಮನೆತನ, ಬಿಳಗಿಯಲ್ಲಿ ಇನ್ನೊಂದು. ಇಷ್ಟು ಸಣ್ಣ ಸಣ್ಣ ರಾಜ್ಯಗಳು ಈ ದಟ್ಟ ಕಾಡಿನಲ್ಲಿ ಹೇಗೆ ಬದುಕಿದವು ಅಂತ ಯಾರಾದರೂ ಕೇಳಿದರೆ, ಉತ್ತರ ತಲೆ ಮೇಲೆ ಸುರೀತಾ ಇರುತ್ತೆ!

ಸೋಂದೆಯನ್ನೇ ತಗೊಳ್ಳಿ. ಶಿರಸಿಯಿಂದ ಯಲ್ಲಾಪುರಕ್ಕೆ ಹೋಗೋ ದಾರಿಯಲ್ಲಿ ಸುಮಾರು 20 ಕಿ.ಮೀ. ಹೋಗಿ ಒಳಕ್ಕೆ ತಿರುಗಿದರೆ ಸಿಗುವ ಊರು. 16ನೇ ಶತಮಾನದ ಅರಸಪ್ಪ ನಾಯಕನ ಕಾಲಕ್ಕೆ ವಾದಿರಾಜರು ಅಲ್ಲಿದ್ದರು, ಅವರ ವೃಂದಾವನ ಅಲ್ಲೇ ಇದೆ. ದ್ವೈತದ ವಾದಿರಾಜ ಮಠ, ಅದ್ವೈತದ ಸ್ವರ್ಣವಲ್ಲೀ ಮಠ, ಸ್ವಾದಿಯ ಜೈನ ಮಠ.. ಒಬ್ಬರ ತತ್ವವನ್ನ ಇನ್ನೊಬ್ಬರು ಒಪ್ಪದ ಮೂರು ಮಠಗಳು ಒಂದೇ ಊರಿನ ಆಸುಪಾಸಿನಲ್ಲಿ ನೂರಾರು ವರ್ಷದಿಂದ ಇವೆ. 1760ರ ದಶಕದಲ್ಲಿ ಹೈದರಾಲಿಯ ಸೇನೆ ಬಂದಾಗ ಅರಸ ಗೋವಾಕ್ಕೆ ಓಡಿಹೋಗಿ ಪೋರ್ಚುಗೀಸರ ಆಶ್ರಯ ಪಡೆದ, ವಂಶ ಅಲ್ಲೇ ಉಳೀತು. ಕೋಟೆ ಈಗ ಪಾಚಿ ಹತ್ತಿದ ಕಲ್ಲುಗಳ ಸಾಲು. ನಮ್ಮ ಟ್ರಿಪ್ಪಿನ ಹುಡುಗರಿಗೆ ಇಲ್ಲಿ ಸಿಗೋದು ಅರ್ಧ ಗಂಟೆ, ಅದರಲ್ಲಿ ಹದಿನೈದು ನಿಮಿಷ ಚಪ್ಪಲಿ ಹುಡುಕೋದಕ್ಕೆ :-)

ಸಹಸ್ರಲಿಂಗದ್ದು ಇನ್ನೂ ಮಜಾ. ಶಾಲ್ಮಲಾ ನದಿಯ ಬಂಡೆಗಳ ಮೇಲೆ ಸೋಂದೆಯ ಅರಸರು ಕೆತ್ತಿಸಿದರೆಂದು ಹೇಳುವ ಲಿಂಗಗಳು, ಬಸವಗಳು. ಬೇಸಿಗೆಯಲ್ಲಿ, ಶಿವರಾತ್ರಿ ಹೊತ್ತಿಗೆ ನೀರು ಇಳಿದಾಗ ಎಲ್ಲ ಕಾಣುತ್ತವೆ. ಜುಲೈನಲ್ಲಿ ಹೋದರೆ ಹೆಚ್ಚಿನವು ನೀರಿನಡಿಗೆ. "ಸಾವಿರ ಲಿಂಗ ಅಂದ್ರಲ್ಲಾ, ನಾಲ್ಕೂ ಕಾಣ್ತಿಲ್ವಲ್ಲ!" ಅಂತ ರೇಗಿ, ಕಾಣೋ ಒಂದು ಬಸವನ ಹತ್ತಿರ ಫೋಟೋ ತೆಗೆಸಿಕೊಳ್ಳೋಣ ಅಂತ ಬಂಡೆ ಮೇಲೆ ಕಾಲಿಡ್ತಾರೆ ನೋಡಿ, ಅಲ್ಲಿಗೆ ನನ್ನ ಎದೆ ಝಲ್ ಅನ್ನುತ್ತೆ. ಮಳೆಗಾಲದಲ್ಲಿ ಶಾಲ್ಮಲೆಯನ್ನ ದಂಡೆಯ ಮೇಲೆ ನಿಂತು ನೋಡಬೇಕು. ಪ್ರತಿ ವರ್ಷ ನಾಲ್ಕು ತಿಂಗಳು ನೀರು ಮುಚ್ಚುತ್ತೆ ಅಂತ ಗೊತ್ತಿದ್ದೂ ಅಲ್ಲೇ ಕೆತ್ತಿಸಿದರಲ್ಲ, ಯಾಕೆ ಅಂತ ಯೋಚಿಸೋದಕ್ಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಇನ್ನು ಬನವಾಸಿ. ಶಿರಸಿಯಿಂದ ಬರೀ 23-24 ಕಿ.ಮೀ. ಇದ್ದರೂ ಹುಡುಗರ ಪ್ಲಾನಿನಲ್ಲಿ ಇದು ಇರೋದೇ ಇಲ್ಲ. ಯಾಕಪ್ಪಾ ಅಂದ್ರೆ "ಅಲ್ಲಿ ಫಾಲ್ಸ್ ಇಲ್ವಲ್ಲ" ಅಂತಾರೆ! ಅಲ್ರೀ, ಕರ್ನಾಟಕದ ಇತಿಹಾಸದ ಅತಿ ಪ್ರಸಿದ್ಧ ಸ್ಟೂಡೆಂಟ್ ಟ್ರಿಪ್ಪಿನ ಕೊನೆ ಸ್ಟಾಪ್ ಅದು. 4ನೇ ಶತಮಾನದಲ್ಲಿ ಮಯೂರಶರ್ಮ ಅನ್ನೋ ಹುಡುಗ ಅಜ್ಜ ವೀರಶರ್ಮನ ಜೊತೆ ಓದೋಕೆ ಕಂಚಿಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳ ಆಯ್ತು, ಅವಮಾನ ಆಯ್ತು. ದರ್ಭೆ ಹಿಡಿಯೋ ಕೈಯಲ್ಲಿ ಕತ್ತಿ ಹಿಡಿದು, ಕಾಡು ಸೇರಿ, ಕಡೆಗೆ ಪಲ್ಲವರೇ ಒಪ್ಪಿಕೊಳ್ಳೋ ಹಾಗೆ ರಾಜನಾದ. ತಾಳಗುಂದದ ಶಾಸನದಲ್ಲಿ ಈ ಕತೆ ಇದೆ. ಅವನು ಕಟ್ಟಿದ ಕದಂಬರ ರಾಜ್ಯದ ರಾಜಧಾನಿ ಬನವಾಸಿ. ಕಾಲೇಜಿನ ಗೇಟಿನಲ್ಲಿ ಸೆಕ್ಯುರಿಟಿಯವರ ಜೊತೆ ಜಗಳ ಆಡಿದ ಎಲ್ಲರಿಗೂ ಇಷ್ಟ ಆಗಬೇಕಾದ ಕತೆ ಇದು! ಆರುನೂರು ವರ್ಷದ ನಂತರ ಪಂಪ ತನ್ನ ವಿಕ್ರಮಾರ್ಜುನ ವಿಜಯದಲ್ಲಿ ಇದೇ ನಾಡನ್ನ ನೆನೆಸಿಕೊಂಡದ್ದು ಎಲ್ಲರಿಗೂ ಗೊತ್ತು. ಅವನು ನೆನೆಸಿಕೊಂಡ ಹಸಿರು, ಗಾಳಿ, ತಂಪು ನೋಡಬೇಕಾದರೆ ಮಳೆಯಲ್ಲೇ ಹೋಗಬೇಕು. ಮಧುಕೇಶ್ವರ ದೇವಸ್ಥಾನದ ಕಲ್ಲಿನ ಮಾಡು ಹೊರಕ್ಕೆ ಇಳಿಜಾರಾಗಿರೋದು ಯಾಕೆ ಅಂತ ನವೆಂಬರ್‌ನಲ್ಲಿ ಯಾರಾದರೂ ವಿವರಿಸಬೇಕಾಗುತ್ತೆ. ಜುಲೈನಲ್ಲಿ ಒಳಗೆ ನಿಂತು ನೀರು ಇಳಿಯೋದನ್ನ ನೋಡಿದರೆ ಸಾಕು. ಪಕ್ಕದಲ್ಲೇ ವರದಾ ನದಿ ಕೆಂಪಗೆ ತುಂಬಿ ಹೋಗ್ತಾ ಇರುತ್ತೆ.

ಇಷ್ಟೆಲ್ಲ ರಾಜರ ಕತೆ ಆಯ್ತು. ನನಗೆ ಇದಕ್ಕಿಂತ ಹೆಚ್ಚು ಹೊಟ್ಟೆ ಉರಿಯೋದು ಮಾವಿನಗುಂಡಿ ವಿಷಯಕ್ಕೆ.

ಸಿದ್ದಾಪುರದಿಂದ ಜೋಗಕ್ಕೆ ಹೋಗೋರು ಈ ಮಾವಿನಗುಂಡಿ ಸರ್ಕಲ್ ದಾಟಿಯೇ ಹೋಗಬೇಕು. ಹೆಚ್ಚಿನವರು ಟೀ ಕುಡಿಯೋಕೂ ಇಳಿಯಲ್ಲ, ಜೋಗ ಇನ್ನೇನು ಬಂತಲ್ಲ! 1930ರ ದಶಕದ ಶುರುವಿನಲ್ಲಿ ಅಂಕೋಲಾ ಮತ್ತು ಸಿದ್ದಾಪುರ ತಾಲ್ಲೂಕಿನ ರೈತರು ಬ್ರಿಟಿಷ್ ಸರ್ಕಾರಕ್ಕೆ ಕಂದಾಯ ಕೊಡಲ್ಲ ಅಂತ ಕರನಿರಾಕರಣೆ ಮಾಡಿದರು. ಆಗ ಈ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಸರ್ಕಾರ ಹೊಲ ಗದ್ದೆ ತೋಟ ಜಪ್ತಿ ಮಾಡಿ ಹರಾಜು ಹಾಕಿತು. ಹಾಗೆ ಹರಾಜಿನಲ್ಲಿ ಜಮೀನು ಕೊಂಡವರ ಮನೆ ಮುಂದೆ ಈ ಭಾಗದ ಹೆಂಗಸರು ಉಪವಾಸ ಕೂತರು. ನೆನಪಿಗೆ ಮಾವಿನಗುಂಡಿಯಲ್ಲಿ ಸ್ಮಾರಕ ಇದೆ. ಮನೆಯಿಂದ ಹೊರಗೆ ಬಂದು ನಾಲ್ಕು ಜನರ ಎದುರು ಮಾತಾಡಿ ಗೊತ್ತಿಲ್ಲದ ಹಳ್ಳಿ ಹೆಂಗಸರು! ಅವರ ಮೊಮ್ಮಕ್ಕಳ ವಯಸ್ಸಿನವರೂ ಅಲ್ಲದ, ಮರಿಮಕ್ಕಳ ವಯಸ್ಸಿನ ಹುಡುಗ ಹುಡುಗಿಯರು ಡಿಜೆ ಹಾಕಿಕೊಂಡು ಅದನ್ನ ದಾಟಿ ಹೋಗ್ತಾರೆ. ಅವರ ತಪ್ಪಲ್ಲ ಬಿಡಿ, ಅವರಿಗೆ ಯಾರೂ ಹೇಳಿಲ್ಲ. ಅಲ್ಲಿ ಐದು ನಿಮಿಷ ನಿಲ್ಲಿಸಿ ಅಂತ ನಾನು ಪ್ರತಿ "ರಿವ್ಯೂ"ನಲ್ಲೂ ಬರೆಯೋದು ಇದಕ್ಕೇ.

ಜಲಪಾತಗಳ ವಿಷಯವೂ ಹಾಗೇ. ಮಾಗೋಡಿನಲ್ಲಿ ಧುಮುಕೋ ನದಿ ಬೇಡ್ತಿ. ಈ ನದಿಗೆ ಅಣೆಕಟ್ಟು ಕಟ್ಟಿ ಕರೆಂಟು ತೆಗೆಯೋ ಯೋಜನೆ ಬಂದಾಗ ಮುಳುಗಬೇಕಿದ್ದ ಕಾಡು, ತೋಟಗಳ ಜನ ತಿರುಗಿಬಿದ್ದರು. ಬರೀ ಘೋಷಣೆ ಕೂಗಿ ಸುಮ್ಮನಾಗಲಿಲ್ಲ. 1981ರಲ್ಲಿ ಶಿರಸಿಗೆ ವಿಜ್ಞಾನಿಗಳನ್ನ ಕರೆಸಿ, ವಿಚಾರ ಸಂಕಿರಣ ಮಾಡಿ, ಲಾಭ ನಷ್ಟದ ಲೆಕ್ಕ ಇಟ್ಟು ವಾದ ಮಾಡಿದರು. ಆ ಯೋಜನೆ ಕೈಬಿಟ್ಟಿತು. ಎರಡು ವರ್ಷಕ್ಕೆ, 1983ರ ಸೆಪ್ಟೆಂಬರ್ 8ರಂದು, ಶಿರಸಿ ತಾಲ್ಲೂಕಿನ ಸಾಲ್ಕಣಿ ಕಡೆಯ ಯುವಕರು ಕಳಾಸೆ ಕಾಡಿಗೆ ಹೋಗಿ ಕಡಿಯೋಕೆ ಗುರುತು ಮಾಡಿದ್ದ ಮರಗಳನ್ನ ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಶುರುವಾದದ್ದು ಹೀಗೆ. ಪಾಂಡುರಂಗ ಹೆಗಡೆಯವರು ಅದನ್ನ ಪಶ್ಚಿಮ ಘಟ್ಟದ ಬೇರೆ ಕಡೆಗೂ ತಗೊಂಡು ಹೋದರು. ಮರ ಅಪ್ಪಿಕೊಂಡವರಲ್ಲಿ ಎಷ್ಟೋ ಜನ ಇವತ್ತು ಟ್ರಿಪ್ಪಿಗೆ ಬರೋ ಹುಡುಗರ ವಯಸ್ಸಿನವರು. ಕಾಡು ಚೆನ್ನಾಗಿದೆ ಅಂತ ಹೊಗಳೋರಿಗೆ, ಅದು ತಾನಾಗೇ ಉಳಿದದ್ದಲ್ಲ ಅಂತ ಒಮ್ಮೆಯಾದರೂ ಗೊತ್ತಾಗಬೇಡ್ವಾ?

ಈಗ ಇನ್ನೊಂದು ಕಡೆಯ ವಾದಕ್ಕೆ ಬರ್ತೀನಿ. "ಮಳೆಗಾಲದಲ್ಲಿ ವಿದ್ಯಾರ್ಥಿಗಳ ಪ್ರವಾಸವನ್ನೇ ನಿಲ್ಲಿಸಿಬಿಡಿ" ಅನ್ನೋರು ತುಂಬ ಜನ ಇದ್ದಾರೆ. ಅವರನ್ನ ಸುಮ್ಮನೆ ಬೈಯೋ ಹಾಗಿಲ್ಲ. 2023ರ ಜುಲೈನಲ್ಲಿ ಕೊಲ್ಲೂರಿನ ಹತ್ತಿರದ ಅರಶಿನಗುಂಡಿ ಜಲಪಾತದಲ್ಲಿ ರೀಲ್ಸ್ ಮಾಡ್ತಾ ನಿಂತ ಯುವಕ ಕಾಲು ಜಾರಿ ಬಿದ್ದು ತೀರಿಕೊಂಡ ವಿಡಿಯೋ ನೀವೂ ನೋಡಿರ್ತೀರಿ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡವೇ ಜಾರಿ ತೋಟ, ಮನೆ, ರಸ್ತೆ ಹೋದವು. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯಲ್ಲಿದ್ದವರನ್ನ ಗಂಗಾವಳಿ ನದಿಗೆ ತಳ್ಳಿತು. ಘಟ್ಟದ ಮೇಲಿನ ಬೇಡ್ತಿಯೇ ಕೆಳಗೆ ಗಂಗಾವಳಿ. ಈ ಮಳೆ ಕವಿತೆ ಬರೆಯೋಕೆ ಮಾತ್ರ ಬೀಳಲ್ಲ.

ಆದರೆ ನಿಷೇಧ ಹಾಕಿದಾಗ ಏನಾಗುತ್ತೆ ನೋಡಿ. ಮಳೆ ಜೋರಾದಾಗ ಜಲಪಾತಕ್ಕೆ ಪ್ರವೇಶ ಇಲ್ಲ ಅಂತ ಜಿಲ್ಲಾಡಳಿತ ಹೇಳೋದು ಸರಿಯೇ, ಅದನ್ನ ಪಾಲಿಸಲೇಬೇಕು. ಕಾಲೇಜುಗಳು ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿ ಪ್ರವಾಸವನ್ನೇ ಬಂದ್ ಮಾಡ್ತವೆ. ನಾನು ಓದಿದ ಕಾಲೇಜಿನಲ್ಲಿ ಹಾಗೇ ಆಗಿತ್ತು. ಹುಡುಗರು ಹೇಳದೆ ಕೇಳದೆ ಬೈಕ್ ತಗೊಂಡು ಹೋದರು. ಹುಡುಗಿಯರಿಗೆ ಹಾಸ್ಟೆಲ್ ಪರ್ಮಿಷನ್ ಸಿಗಲಿಲ್ಲ, ಅಷ್ಟೇ. ಜವಾಬ್ದಾರಿ ಇರೋ ಮೇಷ್ಟ್ರು, ಊರು ಗೊತ್ತಿರೋ ಡ್ರೈವರು ಜೊತೆಗಿರೋ ಪ್ರವಾಸ ನಿಂತು, ಯಾರಿಗೂ ಗೊತ್ತಿಲ್ಲದ ಪ್ರವಾಸ ಮುಂದುವರೀತು. ಅಪಾಯ ಕಡಿಮೆ ಆಯ್ತಾ ಹೆಚ್ಚಾಯ್ತಾ, ನೀವೇ ಹೇಳಿ.

ನನ್ನ ಪ್ರಕಾರ ಅಪಾಯಕ್ಕೂ ಈ ಏಳು ಪಾಯಿಂಟಿನ ಲೆಕ್ಕಕ್ಕೂ ನೇರ ಸಂಬಂಧ ಇದೆ. ಸಾಫ್ಟ್‌ವೇರಿನವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಡೆಡ್‌ಲೈನ್ ಹತ್ತಿರ ಬಂದಾಗ ಮೊದಲು ಹಾರಿಸೋದು ಟೆಸ್ಟಿಂಗು. ಸಂಜೆ ನಾಲ್ಕಕ್ಕೆ ಇನ್ನೂ ಮೂರು ಜಾಗ ಬಾಕಿ ಇದ್ದಾಗ ಡ್ರೈವರು ತಿರುವಿನಲ್ಲಿ ಓವರ್‌ಟೇಕ್ ಮಾಡ್ತಾನೆ. ಬೇಲಿ ಹತ್ತಿರ ನಿಂತು ನೋಡೋಕೆ ಟೈಮಿಲ್ಲದವನು ಬೇಲಿ ದಾಟಿ ಬೇಗ ಒಂದು ಫೋಟೋ ತೆಗೀತಾನೆ. ಕತ್ತಲಾದ ಮೇಲೆ ಸಾತೊಡ್ಡಿಯ ಕಾಡುದಾರಿಯಲ್ಲಿ ಚಕ್ರ ಹೂತು ನಿಲ್ಲುತ್ತೆ. ಆಮೇಲೆ ಮಳೆಯಲ್ಲಿ ಟಾರ್ಚ್ ಹಿಡಿದು ಹುಡುಕೋಕೆ ಹೋಗೋರು ಅಲ್ಲಿಯ ಹಳ್ಳಿಯವರೇ. ಅದರ ಬದಲು ಸ್ಕೋಪ್ ಕಮ್ಮಿ ಮಾಡಿದರೆ ಆಗಲ್ವಾ?

ಹಾಗಾದ್ರೆ ನಾನು ಕೊಡೋ ಪ್ಲಾನು ಏನು? ಒಂದು ಮಳೆಗಾಲಕ್ಕೆ ಒಂದು ಊರು.

ಸಿದ್ದಾಪುರಕ್ಕೆ ಬಂದರೆ ಬೆಳಗ್ಗೆ ಭುವನಗಿರಿ. ಮೆಟ್ಟಿಲು ಹತ್ತಿ ಹೋದರೆ ಬಿಳಗಿ ಅರಸರ ಕಾಲದ ಭುವನೇಶ್ವರಿ ದೇವಸ್ಥಾನ, ಕನ್ನಡದ ತಾಯಿ ಅಂತ ನಾವು ಹಾಡಿ ಹೊಗಳೋ ದೇವಿ. ನವೆಂಬರ್ 1ಕ್ಕೆ ಅಲ್ಲಿ ಜಾತ್ರೆಯಷ್ಟು ಜನ, ಮಳೆಯಲ್ಲಿ ನೀವು ಮತ್ತು ಮಂಜು. ಆಮೇಲೆ ಬಿಳಗಿಯ ರತ್ನತ್ರಯ ಬಸದಿ. ಮಾವಿನಗುಂಡಿ. ಹೊತ್ತು ಉಳಿದು ಮಂಜು ಸರಿದರೆ ಜೋಗ, ಇಲ್ಲದಿದ್ದರೆ ಇಲ್ಲ.

ಶಿರಸಿಗೆ ಬಂದರೆ ಬನವಾಸಿ ಅಥವಾ ಸೋಂದೆ, ಎರಡರಲ್ಲಿ ಒಂದು. ಪೇಟೆಯಲ್ಲಿ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ತಾರ ನಿಂತು ನೋಡಿ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣ ಹಚ್ಚಿ, ಗೀರಿ ಬಿಡಿಸಿದ ಚಿತ್ರ ಅದು. ದೇವಿ ಪ್ರತಿಷ್ಠೆ 1688ರದ್ದು. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದಾಗ ಪ್ರಾಣಿಬಲಿ ಕಾರಣಕ್ಕೆ ಈ ಗುಡಿಯೊಳಗೆ ಹೋಗಲಿಲ್ಲ, ಮುಂದೆ ಕೋಣನ ಬಲಿಯೇ ನಿಂತಿತು.

ಯಲ್ಲಾಪುರಕ್ಕೆ ಬಂದರೆ ಮಾಗೋಡಿನ ವೀಕ್ಷಣಾ ಕಟ್ಟೆ ಮೇಲೆ ಒಂದು ಗಂಟೆ ನಿಲ್ಲಿ. ಬೇಲಿಯ ಈಚೆ. ಆ ಕಾಡಿನ ಹಳ್ಳಿಗಳಲ್ಲಿ ಸಿದ್ದಿ ಜನ ಇದ್ದಾರೆ. ಅವರ ಪೂರ್ವಜರು ಆಫ್ರಿಕಾದವರು, ಗುಲಾಮಗಿರಿಯಿಂದ ತಪ್ಪಿಸಿಕೊಂಡ ಅದೆಷ್ಟೋ ಜನರಿಗೆ ಈ ಮಳೆಕಾಡೇ ಆಸರೆ ಕೊಟ್ಟಿತ್ತು. 2003ರಲ್ಲಿ ಅವರನ್ನ ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಫೋಟೋ ತೆಗೆಯೋಕೆ ಹೋಗಬೇಡಿ, ಪರಿಚಯ ಇರೋ ಮೇಷ್ಟ್ರ ಮೂಲಕ ಹೋಗಿ ಮಾತಾಡಿ. ಕನ್ನಡ ನಿಮಗಿಂತ ಚೆನ್ನಾಗಿ ಮಾತಾಡ್ತಾರೆ.

ಯಾವ ಊರಿಗೆ ಬಂದರೂ ಒಂದು ಅಡಿಕೆ ತೋಟಕ್ಕೆ, ಯಜಮಾನರನ್ನ ಕೇಳಿಕೊಂಡು ಇಳೀರಿ. ಮಳೆ ಒಂದು ಗಂಟೆ ಬಿಡುವು ಕೊಟ್ಟರೆ ಸಾಕು, ಕೊಳೆ ರೋಗಕ್ಕೆ ಬೋರ್ಡೋ ಹೊಡೆಯೋಕೆ ಮರ ಹತ್ತೋ ಕೊನೆಗೌಡರು ಒಂದು ಮರದಿಂದ ಇನ್ನೊಂದಕ್ಕೆ ದಾಟೋದನ್ನ ನೋಡಿ, ಬಂಜಿ ಜಂಪಿಂಗ್ ಎಲ್ಲ ಸಪ್ಪೆ ಅನ್ನಿಸುತ್ತೆ. ಉಂಬಳ ಹತ್ತಿದರೆ ಹೆದರಬೇಡಿ, ಸ್ವಲ್ಪ ಸುಣ್ಣ ತಾಗಿಸಿದರೆ ಬಿಡುತ್ತೆ. ಸಂಜೆ ಎಲ್ಲಾದರೂ ತಾಳಮದ್ದಲೆ ಇದ್ದರೆ ಕೂತು ಕೇಳಿ. ಬಯಲಾಟಕ್ಕೆ ಮಳೆ ಬಿಡದ ಈ ಕಾಲದಲ್ಲಿ ವೇಷ ಇಲ್ಲದೆ, ಬರೀ ಮಾತಿನಲ್ಲಿ ನಡೆಯೋ ಯಕ್ಷಗಾನ ಅದು. ನಿಮ್ಮ ಕಾಲೇಜಿನ ಡಿಬೇಟ್ ಕಾಂಪಿಟಿಶನ್ ನೆನಪಾಗಿ ನಗು ಬರುತ್ತೆ.

"ಇದೆಲ್ಲ ಹೇಳೋರು ಯಾರು, ಗೈಡ್ ಇಲ್ವಲ್ಲ" ಅಂತ ಕೇಳ್ತೀರೇನೋ. ಹದಿನೈದು ಜನ ಹೋಗ್ತಾ ಇದ್ದರೆ ಮೂರು ಜನ ಒಂದೊಂದು ಜಾಗದ ಬಗ್ಗೆ ಮೊದಲೇ ಓದಿಕೊಂಡು ಬರಲಿ. ಗಾಡಿಯಲ್ಲಿ ಹತ್ತು ಹತ್ತು ನಿಮಿಷ ಹೇಳಲಿ, ಉಳಿದವರು ಕಾಲೆಳೆಯಲಿ. ಇಷ್ಟಕ್ಕೆ ಪವರ್‌ಪಾಯಿಂಟ್ ಬೇಡ. ಎರಡು ಕಡೆ ಮಾತ್ರ ಹೋದಾಗ ಡೀಸೆಲ್ ದುಡ್ಡೂ ಉಳಿಯುತ್ತೆ. ಆ ದುಡ್ಡಲ್ಲಿ ಶಿರಸಿಯಲ್ಲಿ ತೊಡೆದೇವು, ಹಲಸಿನ ಹಪ್ಪಳ ತಗೊಳ್ಳಿ, ಊರಿನವರಿಗೂ ನಾಲ್ಕು ಕಾಸು ಸಿಗುತ್ತೆ.

"ಇತಿಹಾಸ ಎಲ್ಲ ಬೋರು ಮಾರಾಯ, ನಾವು ಎಂಜಾಯ್ ಮಾಡೋಕೆ ಹೋಗೋದು" ಅನ್ನೋರಿಗೆ ನನ್ನ ಹತ್ತಿರ ದೊಡ್ಡ ಉತ್ತರ ಇಲ್ಲ. ಒಂದೇ ಮಾತು. ಹಂಚಿನ ಮಾಡಿನ ಕೆಳಗೆ ಜಗಲಿ ಮೇಲೆ ಕೂತು, ಕಷಾಯ ಕುಡೀತಾ, ಹಪ್ಪಳ ಮುರೀತಾ, ಒಂದು ತಾಸು ಮಳೆ ನೋಡಿದರೆ ಅದೂ ಎಂಜಾಯ್ ಲೆಕ್ಕಕ್ಕೆ ಬರುತ್ತೆ. ಗಾಡಿಯಲ್ಲಿ ಏಳು ಗಂಟೆ ಕೂತಿರೋದನ್ನ ಎಂಜಾಯ್ ಅಂತ ಕರೆಯೋದಾದರೆ ಬೆಂಗಳೂರಿನ ಸಿಲ್ಕ್‌ಬೋರ್ಡ್ ಜಂಕ್ಷನ್ನೇ ಸಾಕಲ್ವಾ?

ಇದು ನಮ್ಮ ಮೂರು ಊರಿನ ಮಾತು. ಮಡಿಕೇರಿಯವರು, ಆಗುಂಬೆ ತೀರ್ಥಹಳ್ಳಿಯವರು, ಸಕಲೇಶಪುರದವರು ಇಲ್ಲಿ ತುಂಬ ಜನ ಇದ್ದೀರಿ. ನಿಮ್ಮೂರಿಗೂ ಇದೇ ಏಳು ಪಾಯಿಂಟಿನ ಗಾಡಿಗಳು ಬರ್ತಿರಬೇಕು. ಮಳೆಗಾಲದಲ್ಲಿ ಬರೋ ವಿದ್ಯಾರ್ಥಿಗಳಿಗೆ ನಿಮ್ಮೂರಿನ ಒಂದೇ ಒಂದು ಜಾಗ ತೋರಿಸಬೇಕು, ಅದರಲ್ಲಿ ಜಲಪಾತ ಇರಬಾರದು ಅಂದ್ರೆ ಯಾವುದನ್ನ ತೋರಿಸ್ತೀರಿ? ಬರೀರಿ. ಮುಂದಿನ ಸಲ "ರಿವ್ಯೂ"ಗೆ ಬಂದವರಿಗೆ ನೇರವಾಗಿ ನಿಮ್ಮ ಲಿಂಕ್ ಕೊಟ್ಟುಬಿಡ್ತೀನಿ.